ಕೊಡಗಿನ ಹಿತ್ತಲಲ್ಲಿ ಹಣ್ಣಿನ ಗಿಡಕ್ಕೆ ಕಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಮನೆ, ಸಂತೆ, ಫೋನು, ವಾಟ್ಸಾಪು. ಕಸಿ ಕಟ್ಟುವವನು ಅಂತ ಗೊತ್ತಾದರೆ ಸಾಕು, ಜನ ಕೇಳುತ್ತಲೇ ಇರುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಅವರದ್ದೇ ಮಾತಿನಲ್ಲಿ ಇಲ್ಲಿ ಒಟ್ಟು ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಸಿ ಬಗ್ಗೆ ಸಿಗುವ ಮಾಹಿತಿಯಲ್ಲಿ ಹೆಚ್ಚಿನದ್ದು ಬಯಲುಸೀಮೆಗೆ ಬರೆದದ್ದು. ಚಾಕು ಹಿಡಿಯುವ ರೀತಿ ಎಲ್ಲ ಕಡೆ ಒಂದೇ. ಆದರೆ ತಿಂಗಳ ಲೆಕ್ಕ ನಮ್ಮ ಮಳೆಗೆ ಹೊಂದುವುದಿಲ್ಲ. ನಮ್ಮ ಕಡೆ ಕಸಿ ಹಾಳಾಗುವುದಕ್ಕೆ ಕೈತಪ್ಪಿಗಿಂತ ನೀರೇ ಜಾಸ್ತಿ ಕಾರಣ.

## ಶುರು ಮಾಡುವವರಿಗೆ

ಬೀಜ ಹಾಕಿದ್ರೆ ಗಿಡ ಬರುತ್ತಲ್ಲ, ಕಸಿ ಯಾಕೆ ಬೇಕು?

ಗಿಡ ಬರುತ್ತದೆ, ಆದರೆ ಯಾವ ಗಿಡ ಅನ್ನುವುದು ಗೊತ್ತಿರುವುದಿಲ್ಲ. ಬಾದಾಮಿ ಮಾವಿನ ವಾಟೆ ಹಾಕಿದರೆ ಬಾದಾಮಿಯೇ ಬರುತ್ತದೆ ಅನ್ನುವ ಭರವಸೆ ಇಲ್ಲ. ಬಟರ್ ಫ್ರೂಟ್ ಅಂತೂ ಒಂದೇ ಮರದ ಹತ್ತು ಬೀಜಕ್ಕೆ ಹತ್ತು ತರದ ಹಣ್ಣು ಕೊಡಬಹುದು. ಕಸಿಯಲ್ಲಿ ತಾಯಿಮರದ ಕಡ್ಡಿಯೇ ಮೇಲೆ ಬೆಳೆಯುವುದರಿಂದ ಹಣ್ಣು ಅದರದ್ದೇ.

ಎರಡನೆಯದು ಕಾಯುವ ಕಾಲ. ಬೀಜದ ಬಟರ್ ಫ್ರೂಟ್ ಕಾಯಿ ಬಿಡಲು ಆರೆಂಟು ವರ್ಷ ತೆಗೆದುಕೊಳ್ಳುತ್ತದೆ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಶುರು ಮಾಡುತ್ತದೆ. ಮರ ಕುಳ್ಳಗೆ ಇರುವುದರಿಂದ ಕೀಳುವುದೂ ಸುಲಭ. ಕಾಫಿ ತೋಟದಲ್ಲಿ ಏಣಿ ಹತ್ತಲು ಆಳು ಸಿಗುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ಎರಡು ಗಿಡ ಅಂಟ್ಕೊಳ್ಳೋದು ಹೇಗೆ? ಒಳಗೆ ಏನಾಗುತ್ತೆ?

ತೊಗಟೆಗೂ ಗಟ್ಟಿ ಮರಕ್ಕೂ ಮಧ್ಯೆ ತೆಳ್ಳಗಿನ ಒಂದು ಪದರ ಇದೆ. ಕೈಗೆ ಜಾರುವಂತೆ ಲೋಳೆಯಾಗಿರುತ್ತದೆ. ಅದೇ ಕ್ಯಾಂಬಿಯಂ. ಗಿಡ ದಪ್ಪವಾಗುವುದು ಅದರಿಂದ. ಬೇರುಸಸಿಯ (ಕೆಳಗೆ ಬೇರು ಕೊಡುವ ಸಸಿ) ಈ ಪದರಕ್ಕೂ ಕಸಿ ಕಡ್ಡಿಯ (ಮೇಲೆ ಕೂರಿಸುವ ತುಂಡು) ಈ ಪದರಕ್ಕೂ ತಾಗುವ ಹಾಗೆ ಕೂರಿಸಿ ಬಿಗಿದರೆ ಎರಡೂ ಕಡೆಯಿಂದ ಹೊಸ ಜೀವಕೋಶ ಬಂದು ಬೆಸೆದುಕೊಳ್ಳುತ್ತವೆ. ಮುರಿದ ಮೂಳೆ ಕೂಡುವ ಹಾಗೆ, ಅಲುಗಾಡದೆ ಇದ್ದರೆ ಮಾತ್ರ. ಅಲ್ಲಿಯವರೆಗೆ ಕಡ್ಡಿ ತನ್ನೊಳಗಿನ ನೀರಿನಲ್ಲೇ ಬದುಕಬೇಕು. ಕಸಿಯ ಎಲ್ಲ ಉಪಾಯವೂ ಈ ಮೂರು ವಾರ ಕಡ್ಡಿಯನ್ನು ಒಣಗದಂತೆ, ಕೊಳೆಯದಂತೆ ನೋಡಿಕೊಳ್ಳುವುದಕ್ಕೇ ಇರುವುದು.

ಯಾವುದಕ್ಕೆ ಯಾವುದನ್ನ ಕಟ್ಟಬಹುದು? ಕಾಡು ಮಾವಿಗೆ ಮಲ್ಲಿಕಾ ಹಿಡಿಯುತ್ತಾ?

ಹಿಡಿಯುತ್ತದೆ. ಮಾವಿಗೆ ಮಾವು, ಹಲಸಿಗೆ ಹಲಸು, ಬಟರ್ ಫ್ರೂಟ್‌ಗೆ ಬಟರ್ ಫ್ರೂಟ್. ಇದು ಸುಲಭದ ನಿಯಮ. ನಿಂಬೆ ಜಾತಿಯಲ್ಲಿ ಸ್ವಲ್ಪ ಸ್ವಾತಂತ್ರ್ಯ ಇದೆ. ಕಿತ್ತಳೆ, ಚಕ್ಕೋತ, ಮೂಸಂಬಿ, ನಿಂಬೆ ಒಂದರ ಮೇಲೊಂದು ಕೂರುತ್ತವೆ. ಸಪೋಟಕ್ಕೆ ಕಿರ್ನಿ ಗಿಡವನ್ನು ಬೇರುಸಸಿಯಾಗಿ ಬಳಸುತ್ತಾರೆ. ಒಂದೇ ಕುಲದ ನೆಂಟಸ್ತನ ಇಲ್ಲದಿದ್ದರೆ ಎಷ್ಟು ಬಿಗಿದರೂ ಉಪಯೋಗವಿಲ್ಲ. ಸೀಬೆ ಮರದಲ್ಲಿ ಕಿತ್ತಳೆ ಬಿಡಿಸಿದ ವಿಡಿಯೋ ಯಾರಾದರೂ ಕಳಿಸಿದರೆ ನಕ್ಕು ಸುಮ್ನಾಗಿ.

ಹುಳಿ ಮಾವಿನ ಮೇಲೆ ಕಟ್ಟಿದ್ರೆ ಹಣ್ಣೂ ಹುಳಿ ಆಗಲ್ವಾ?

ಆಗುವುದಿಲ್ಲ. ಹಣ್ಣಿನ ತಳಿ ಮೇಲಿನ ಕಡ್ಡಿಯದ್ದು. ಬೇರು ತೀರ್ಮಾನಿಸುವುದು ಮರದ ಗಾತ್ರ, ಮಣ್ಣಿನ ರೋಗ ತಡೆಯುವ ಶಕ್ತಿ, ಬೇಗ ಕಾಯಿ ಬಿಡುವುದು ಇಂಥವನ್ನು. ನಿಂಬೆ ಜಾತಿಯಲ್ಲಿ ಸಿಹಿ ಸ್ವಲ್ಪ ಹೆಚ್ಚುಕಡಿಮೆ ಆಗುವುದುಂಟು, ಅಷ್ಟೇ.

ಏನೇನು ಸಾಮಾನು ಬೇಕು? ಕಸಿ ಚಾಕು ತರಲೇಬೇಕಾ?

ಬೇಕಿಲ್ಲ. ಹೊಸ ಶೇವಿಂಗ್ ಬ್ಲೇಡ್ ಅಥವಾ ಅಂಗಡಿಯಲ್ಲಿ ಸಿಗುವ ಪೇಪರ್ ಕಟರ್ ಸಾಕು. ಹರಿತ ಇರಬೇಕು, ಒಂದೇ ಎಳೆತಕ್ಕೆ ನುಣ್ಣಗೆ ಕತ್ತರಿಸಬೇಕು. ಕಪಾತು ಕತ್ತರಿ ಮನೆಯಲ್ಲೇ ಇರುತ್ತದೆ. ಕಟ್ಟಲು ಒಂದೂವರೆ ಸೆಂಟಿಮೀಟರ್ ಅಗಲದ ತೆಳು ಪಾಲಿಥೀನ್ ಪಟ್ಟಿ. ಮೇಲೆ ಟೋಪಿ ಹಾಕಲು ಐಸ್ ಕ್ಯಾಂಡಿಯ ಉದ್ದ ಕವರ್. ಬ್ಲೇಡ್ ಒರೆಸಲು ಸ್ಪಿರಿಟ್ ಮತ್ತು ಹತ್ತಿ. ಸ್ಪಿರಿಟ್ ದಂಡ ಅಂತ ಬಿಡಬೇಡಿ. ಕಿತ್ತಳೆಯಲ್ಲಿ ರೋಗ ಮರದಿಂದ ಮರಕ್ಕೆ ಬ್ಲೇಡಿನಲ್ಲೂ ಹೋಗಬಹುದು.

ಮೊದಲ ಸಲ ಮಾಡ್ತಾ ಇದ್ದೀನಿ. ಯಾವ ಗಿಡದಿಂದ ಶುರು ಮಾಡಲಿ?

ಬಟರ್ ಫ್ರೂಟ್. ಬೀಜ ಪುಕ್ಕಟೆ, ಸಸಿ ಬೇಗ ದಪ್ಪವಾಗುತ್ತದೆ, ಹಾಲು ಸುರಿಯುವುದಿಲ್ಲ, ಕಡ್ಡಿ ಮೆದು. ಹಣ್ಣು ತಿಂದ ಮೇಲೆ ಬೀಜವನ್ನು ಒಣಗಿಸಿ ಇಡಬೇಡಿ, ಎರಡು ಮೂರು ವಾರದಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ಚಪ್ಪಟೆ ಬುಡ ಕೆಳಗೆ, ಚೂಪು ತುದಿ ಮೇಲೆ ಇಟ್ಟು ಬ್ಯಾಗಿನಲ್ಲಿ ಹಾಕಿ. ಜೂನ್, ಜುಲೈನಲ್ಲಿ ತಿಂದ ಹಣ್ಣಿನ ಬೀಜ ಮುಂದಿನ ಏಪ್ರಿಲ್ ಹೊತ್ತಿಗೆ ಕಸಿಗೆ ಸಿದ್ಧ. ಹಲಸಿನಿಂದ ಮಾತ್ರ ಶುರು ಮಾಡಬೇಡಿ, ಅದರ ಅಂಟು ಹೊಸಬರ ಉತ್ಸಾಹವನ್ನೇ ಇಳಿಸಿಬಿಡುತ್ತದೆ.

## ಮಳೆ ಮತ್ತು ಕಾಲ

ಮಳೆಗಾಲದಲ್ಲೇ ಕಸಿ ಕಟ್ಟಬೇಕು ಅಂತಾರೆ. ನಾವು ಜುಲೈನಲ್ಲಿ ಕಟ್ಟಿದ್ದೆಲ್ಲ ಕಪ್ಪಾಗಿ ಕೊಳೆತು ಹೋಗುತ್ತೆ. ಯಾಕೆ?

ಆ ಮಾತು ಸುಳ್ಳಲ್ಲ. ಮೈಸೂರು, ತುಮಕೂರು ಕಡೆ ಮಳೆಗಾಲ ಅಂದರೆ ತಂಪು ಗಾಳಿ, ಆಗಾಗ ಹನಿ, ನಡುವೆ ಬಿಸಿಲು. ಕಸಿಗೆ ಬೇಕಾದದ್ದು ಅದೇ. ನಮ್ಮಲ್ಲಿ ಹಾಗಲ್ಲವಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಸುರಿಯುತ್ತದೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಪಟ್ಟಿಯ ಸಂದಿನಲ್ಲಿ ನೀರು ಇಳಿಯುತ್ತದೆ, ಬೂಸ್ಟು ಹಿಡಿಯುತ್ತದೆ. ತಾಯಿಮರದ ಕಡ್ಡಿಯೂ ನೀರು ಕುಡಿದು ಸೊರಗಿರುತ್ತದೆ. ಬೆಳಕಿಲ್ಲದೆ ಬೇರುಸಸಿಯೂ ಬೆಳೆಯುವುದಿಲ್ಲ. ಗಾಯ ಕೂಡುವುದಾದರೂ ಹೇಗೆ?

ನಮಗೆ ಎರಡು ಕಾಲ ಚೆನ್ನಾಗಿ ಆಗಿಬರುತ್ತದೆ. ಮೊದಲನೆಯದು ಹೂ ಮಳೆ ಬಿದ್ದ ಮೇಲೆ, ಅಂದರೆ ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ. ಕಾಫಿ ಹೂ ಬಿಟ್ಟು ಉದುರುವ ಹೊತ್ತಿಗೆ ಹಣ್ಣಿನ ಮರಗಳಲ್ಲೂ ರಸ ಓಡಾಡುತ್ತಿರುತ್ತದೆ, ತೊಗಟೆ ಸಲೀಸಾಗಿ ಬಿಡುತ್ತದೆ. ಮಳೆ ಹಿಡಿದುಕೊಳ್ಳುವ ಮೊದಲು ಕಸಿ ಕೂಡಿ ಎರಡೆಲೆ ಬಂದಿರುತ್ತದೆ. ಎರಡನೆಯದು ಮಳೆ ಬಿಡುವು ಕೊಟ್ಟ ಮೇಲೆ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ. ತುಲಾ ಸಂಕ್ರಮಣದ ಆಸುಪಾಸು ಅಂತ ನೆನಪಿಟ್ಟುಕೊಳ್ಳಿ. ಗಾಳಿಯಲ್ಲಿ ತೇವ ಇರುತ್ತದೆ, ಬಿಸಿಲೂ ಇರುತ್ತದೆ.

ಕುಶಾಲನಗರ, ಹೆಬ್ಬಾಲೆ, ಶಿರಂಗಾಲದ ಕಡೆಯವರಿಗೆ ಇದು ಅಷ್ಟಾಗಿ ಅನ್ವಯಿಸುವುದಿಲ್ಲ. ಅಲ್ಲಿ ಮಳೆ 1,000 ಮಿಲಿಮೀಟರ್ ಆಸುಪಾಸು. ಜೂನ್, ಜುಲೈನಲ್ಲೂ ಧಾರಾಳವಾಗಿ ಕಟ್ಟಬಹುದು. ಉಳಿದವರು ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಚಾಕು ಒಳಗಿಟ್ಟು ಮದ್ದು ಸೊಪ್ಪಿನ ಪಾಯಸ ಮಾಡಿಕೊಂಡು ತಿನ್ನುವುದು ಒಳ್ಳೆಯದು. ಕಟ್ಟಲೇಬೇಕು ಅಂದರೆ ಮೇಲೆ ಬಿಳಿ ಪಾಲಿಥೀನ್ ಹೊದಿಸಿದ ಚಪ್ಪರದ ಕೆಳಗೆ, ಬ್ಯಾಗ್ ಗಿಡಕ್ಕೆ ಮಾತ್ರ.

ಮಕ್ಕಳು ಡಿಸೆಂಬರ್ ರಜೆಯಲ್ಲಿ ಬರ್ತಾರೆ. ಆಗ ಮಾಡಬಹುದಾ?

ತೋರಿಸಿಕೊಡಲು ಮಾಡಬಹುದು. ಚಳಿಗೆ ಗಿಡ ಮಲಗಿರುತ್ತದೆ, ತೊಗಟೆ ಬಿಡುವುದಿಲ್ಲ, ಕೂಡುವುದು ನಿಧಾನ. ಕಾಫಿ ಕುಯ್ಲಿನ ನಡುವೆ ನೀರು ಹಾಕಲೂ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಕಸಿ ಗಿಡ ನೆಡೋಕೆ ಯಾವ ತಿಂಗಳು? ಗುಂಡಿ ಎಷ್ಟು ಆಳ?

ಮಳೆ ಕಡಿಮೆ ಇರುವ ಕಡೆ ಜೂನ್ ಶುರುವಿನಲ್ಲಿ. ಜೋರು ಮಳೆಯ ಕಡೆ ಸೆಪ್ಟೆಂಬರ್‌ನಲ್ಲಿ ನೆಟ್ಟು ಬೇಸಿಗೆಗೆ ನೀರು ಕೊಡುವುದು ಒಳ್ಳೆಯದು. ಎರಡಡಿ ಚೌಕದ ಗುಂಡಿ ಸಾಕು. ಅದಕ್ಕಿಂತ ಮುಖ್ಯ, ಗುಂಡಿಯನ್ನು ತುಂಬಿಸಿ ಮೇಲೆ ಒಂದಡಿ ದಿಬ್ಬ ಮಾಡಿ, ದಿಬ್ಬದ ಮೇಲೆ ನೆಡಿ. ತಗ್ಗಿನಲ್ಲಿ ನೆಟ್ಟರೆ ಆಗಸ್ಟ್‌ನಲ್ಲಿ ಅದು ಕೆರೆ. ಬಟರ್ ಫ್ರೂಟ್ ಬೇರು ನಿಂತ ನೀರನ್ನು ಸ್ವಲ್ಪವೂ ತಡೆಯುವುದಿಲ್ಲ, ಬೇರು ಕೊಳೆತು ಇಡೀ ಗಿಡ ಬಾಡುತ್ತದೆ. ಕಸಿ ಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಲಿ. ಗೂಟ ಕೊಟ್ಟು ಕಟ್ಟಿ. ಸಿಲ್ವರ್ ಓಕ್ ನೆರಳಿನಲ್ಲಿ ನೆಟ್ಟು ಕಾಯಿ ಬರಲಿಲ್ಲ ಅನ್ನಬೇಡಿ, ಹಣ್ಣಿಗೆ ಬಿಸಿಲು ಬೇಕು.

## ಕೈಕೆಲಸ

ಕಸಿ ಕಡ್ಡಿ ಯಾವ ಮರದಿಂದ, ಯಾವ ಕೊಂಬೆಯಿಂದ ತೆಗೀಬೇಕು?

ಕಾಯಿ ಬಿಡುತ್ತಿರುವ ಮರದಿಂದ. ಇನ್ನೂ ಕಾಯಿ ಕಾಣದ ಬೀಜದ ಗಿಡದ ಕಡ್ಡಿ ಕಟ್ಟಿದರೆ ಕಸಿ ಹಿಡಿಯುತ್ತದೆ, ಆದರೆ ಆ ಕಡ್ಡಿಗೆ ಇನ್ನೂ ಪ್ರಾಯ ಬಂದಿರುವುದಿಲ್ಲ. ಬೀಜದ ಗಿಡದಷ್ಟೇ ಕಾಯಬೇಕು. ಕಸಿ ಗಿಡ ಅಂತ ದುಡ್ಡು ಕೊಟ್ಟು ತಂದು ಎಂಟು ವರ್ಷ ಕಾದವರು ಎಷ್ಟೋ ಮಂದಿ. ಕಾರಣ ಹಲವು ಸಲ ಇದೇ.

ತಾಯಿಮರವನ್ನು ಕನಿಷ್ಠ ಎರಡು ಮೂರು ಫಸಲು ನೋಡಿ ಆರಿಸಿ. ಒಂದು ವರ್ಷ ಚೆನ್ನಾಗಿ ಬಿಟ್ಟದ್ದು ಲೆಕ್ಕಕ್ಕಿಲ್ಲ. ಬಿಸಿಲಿಗೆ ಚಾಚಿದ ಕೊಂಬೆಯ ತುದಿ, ಮೂರು ನಾಲ್ಕು ತಿಂಗಳು ಬಲಿತದ್ದು, ಪೆನ್ಸಿಲ್ ದಪ್ಪ, ನಾಲ್ಕೈದು ಇಂಚು ಉದ್ದ. ಹೂ ಬಿಟ್ಟಿರುವ ತುದಿ ಬೇಡ. ಬುಡದಿಂದ ನೇರ ಎದ್ದ ನೀರು ಚಿಗುರೂ ಬೇಡ. ಮಾವು, ಹಲಸಿನಲ್ಲಿ ಕಡ್ಡಿ ಕತ್ತರಿಸುವ ವಾರ ಹತ್ತು ದಿನ ಮೊದಲು ಎಲೆಗಳನ್ನು ಕತ್ತರಿಸಿ ತೊಟ್ಟು ಮಾತ್ರ ಬಿಡಿ. ತೊಟ್ಟು ತಾನೇ ಉದುರಿ ತುದಿಮೊಗ್ಗು ಉಬ್ಬುತ್ತದೆ. ಆಗ ಕತ್ತರಿಸಿ. ಉಬ್ಬಿದ ಮೊಗ್ಗು ಒಡೆದು ಚಿಗುರಿದ್ದರೆ ತಡವಾಯಿತು ಅಂತ ಅರ್ಥ.

ಬೆಣೆ ಕಸಿ ಕಟ್ಟೋದನ್ನ ಮೊದಲಿಂದ ಕೊನೆ ತನಕ ಹೇಳಿ.

ಬೇರುಸಸಿ ಪೆನ್ಸಿಲ್ ದಪ್ಪ ಆಗಿರಲಿ. ಹಿಂದಿನ ದಿನ ನೀರು ಕೊಡಿ. ಬೆಳಗ್ಗೆ ಅಥವಾ ಮೋಡದ ದಿನ ಕೆಲಸ ಮಾಡಿ. ಮಣ್ಣಿನಿಂದ ಒಂದು ಗೇಣು ಮೇಲೆ, ಕಾಂಡ ಇನ್ನೂ ಹಸಿರಾಗಿ ಮೆದುವಾಗಿರುವ ಕಡೆ, ತುದಿಯನ್ನು ಅಡ್ಡಕ್ಕೆ ಕತ್ತರಿಸಿ. ಕೆಳಗೆ ಎರಡು ಮೂರು ಎಲೆ ಉಳಿಯಲಿ, ಬೇರಿಗೆ ಅನ್ನ ಕೊಡುವುದು ಅವೇ. ಕತ್ತರಿಸಿದ ಜಾಗದಲ್ಲಿ ಸರಿಯಾಗಿ ಮಧ್ಯಕ್ಕೆ ಒಂದೂವರೆ ಇಂಚು ಸೀಳಿ.

ಕಸಿ ಕಡ್ಡಿಯ ಬುಡವನ್ನು ಎರಡೂ ಕಡೆ ಅಷ್ಟೇ ಉದ್ದ ಓರೆಯಾಗಿ ಕೆತ್ತಿ ಬೆಣೆ ಮಾಡಿ. ಎರಡು ಎಳೆತ, ಎರಡು ನುಣುಪು ಮುಖ. ಪೆನ್ಸಿಲ್ ಹೆರೆದ ಹಾಗೆ ಚೂರುಚೂರು ಕೆತ್ತಿದರೆ ಮುಖ ಉಬ್ಬುತಗ್ಗಾಗಿ ಒಳಗೆ ಗಾಳಿ ನಿಲ್ಲುತ್ತದೆ. ಕೆತ್ತಿದ ಜಾಗಕ್ಕೆ ಬೆರಳು ತಾಗಿಸಬೇಡಿ, ಬಾಯಿಗಂತೂ ಇಟ್ಟುಕೊಳ್ಳಲೇಬೇಡಿ. ಬೆಣೆಯನ್ನು ಸೀಳಿಗೆ ಇಳಿಸಿ. ಎರಡರ ದಪ್ಪ ಒಂದೇ ಇದ್ದರೆ ಒಳ್ಳೆಯದು. ಕಡ್ಡಿ ಸಣ್ಣದಿದ್ದರೆ ಮಧ್ಯಕ್ಕೆ ಇಡದೆ ಒಂದು ಪಕ್ಕಕ್ಕೆ ಸರಿಸಿ, ಆ ಪಕ್ಕದಲ್ಲಾದರೂ ತೊಗಟೆಗೆ ತೊಗಟೆ ಸೇರಲಿ. ಇಲ್ಲಿಯೇ ಹೆಚ್ಚಿನವರು ತಪ್ಪುವುದು.

ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಾಗೆ ಸುತ್ತಿದರೆ ಸುತ್ತಿನ ಮೇಲೆ ಸುತ್ತು ಬಂದು ನೀರು ಒಳಗಿಳಿಯದೆ ಜಾರಿ ಹೋಗುತ್ತದೆ, ಮನೆಯ ಹೆಂಚಿನ ಮೇಲಿಂದ ಜಾರುವ ಹಾಗೆ. ಬಿಗಿಯಾಗಿರಲಿ. ಮೇಲೆ ಐಸ್ ಕ್ಯಾಂಡಿ ಕವರ್ ಇಳಿಸಿ ಕೆಳಗೆ ದಾರ ಕಟ್ಟಿ. ನೆರಳಿನಲ್ಲಿ ಇಡಿ. ಮೂರು ನಾಲ್ಕು ವಾರಕ್ಕೆ ಮೊಗ್ಗು ಒಡೆಯುತ್ತದೆ. ಎಲೆ ಕವರಿಗೆ ತಾಗುವ ಹೊತ್ತಿಗೆ, ಸಂಜೆ ವೇಳೆ, ಕವರ್ ತೆಗೆಯಿರಿ. ಪಟ್ಟಿ ಎರಡು ಮೂರು ತಿಂಗಳು ಇರಲಿ. ಆಮೇಲೆ ಮರೆಯದೆ ಬಿಚ್ಚಿ, ಇಲ್ಲದಿದ್ದರೆ ಕಾಂಡವನ್ನು ಕೊರೆದು ಗಾಳಿಗೆ ಅಲ್ಲೇ ಮುರಿಯುತ್ತದೆ.

ಬೆಂಗಳೂರಿನ ಅತ್ತೆ ಮನೆಯಿಂದ ಕಡ್ಡಿ ತರಬೇಕು. ಎಷ್ಟು ದಿನ ಇಡಬಹುದು?

ಎಲೆ ತೆಗೆದು, ಒದ್ದೆ ಮಾಡಿ ಹಿಂಡಿದ ನ್ಯೂಸ್ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಮೂರು ನಾಲ್ಕು ದಿನಕ್ಕೆ ಏನೂ ಆಗುವುದಿಲ್ಲ. ನೀರಿನಲ್ಲಿ ಮುಳುಗಿಸಬೇಡಿ. ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಇಡಬಹುದು, ಫ್ರೀಜರ್ ಬೇಡ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಒಂದು ಗಂಟೆಯೇ ಸಾಕು ಕೆಡಲು. ಕಿತ್ತಳೆ ಜಾತಿಯ ಕಡ್ಡಿಯನ್ನು ಮಾತ್ರ ಹೊರಗಿನಿಂದ ತರಬೇಡಿ ಅಂತ ನನ್ನ ಮಾತು. ಕಾರಣ ಕಿತ್ತಳೆಯ ಉತ್ತರದಲ್ಲಿದೆ.

ಚಿಗುರು ಬಂತು ಅಂತ ಖುಷಿಪಟ್ಟೆ. ಹದಿನೈದು ದಿನದಲ್ಲಿ ಒಣಗಿತು. ಏನಾಯ್ತು?

ಆ ಚಿಗುರು ಕಡ್ಡಿಯಲ್ಲೇ ಕೂಡಿಟ್ಟಿದ್ದ ಶಕ್ತಿಯಿಂದ ಬಂದದ್ದು. ಕೆಳಗಿನ ಬೇರಿನ ಜೊತೆ ಸೇರಿಯೇ ಇರಲಿಲ್ಲ. ಕಟ್ಟು ಸಡಿಲ, ಒಳಗೆ ನೀರು, ಅಥವಾ ಪದರ ತಾಗದೆ ಇದ್ದದ್ದು ಕಾರಣ. ಕಡ್ಡಿ ಬುಡದಿಂದ ಕಪ್ಪಾಗಿದ್ದರೆ ಕೊಳೆತದ್ದು, ತುದಿಯಿಂದ ಸುಕ್ಕಾಗಿದ್ದರೆ ಒಣಗಿದ್ದು. ಕವರನ್ನು ನಡು ಮಧ್ಯಾಹ್ನ ತೆಗೆದು ಬಿಸಿಲಿಗೆ ಇಟ್ಟರೂ ಹೀಗೇ ಆಗುತ್ತದೆ. ಬೇರುಸಸಿ ಹಸಿರಾಗಿದ್ದರೆ ಬಿಸಾಡಬೇಡಿ. ಎರಡು ಇಂಚು ಕೆಳಗೆ ಕತ್ತರಿಸಿ ಮತ್ತೆ ಕಟ್ಟಿ.

ಕಸಿ ಗಿಡದಲ್ಲಿ ಎರಡು ತರದ ಎಲೆ ಬರ್ತಾ ಇದೆಯಲ್ಲ?

ಗಂಟಿನ ಕೆಳಗಿನಿಂದ ಬೇರುಸಸಿ ಚಿಗುರುತ್ತಿದೆ. ಕಾಫಿಗೆ ಚಿಗುರು ತೆಗೆಯುವ ಹಾಗೆ ಎಳೆಯದಿರುವಾಗಲೇ ಕೈಯಲ್ಲಿ ಮುರಿದುಬಿಡಿ. ಬಿಟ್ಟರೆ ಅದೇ ಮೇಲಾಗಿ ಕಸಿ ಸಾಯುತ್ತದೆ. ಕಿತ್ತಳೆ ಗಿಡದಲ್ಲಿ ಮೂರು ಮೂರು ಎಲೆ ಸೇರಿದ, ಮುಳ್ಳು ಜಾಸ್ತಿ ಇರುವ ಚಿಗುರು ಕಂಡರೆ ಅದು ಟ್ರೈಫೋಲಿಯೇಟ್ ಬೇರುಸಸಿಯದ್ದು.

ಗೂಟಿ ಸುಲಭ ಅಂತಾರಲ್ಲ, ಅದನ್ನೇ ಮಾಡಿದ್ರೆ ಆಗಲ್ವಾ?

ಗೂಟಿ ಅಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು. ಸೀಬೆ, ನಿಂಬೆ, ಚಕ್ಕೋತ, ಲಿಚಿ, ಜಂಬುನೇರಳೆಗೆ ಆಗುತ್ತದೆ. ಪೆನ್ಸಿಲಿಗಿಂತ ಸ್ವಲ್ಪ ದಪ್ಪದ ಕೊಂಬೆಯಲ್ಲಿ ಒಂದಿಂಚು ಅಗಲ ತೊಗಟೆಯನ್ನು ಸುತ್ತಲೂ ಬಿಡಿಸಿ, ಲೋಳೆ ಕೆರೆದು, ಹಿಂಡಿದ ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿದು ಕಟ್ಟಿ. ಎರಡು ತಿಂಗಳ ಹೊತ್ತಿಗೆ ಬೇರು ಕಾಣುತ್ತದೆ. ಕೊಡಗಿನ ಮಳೆಗಾಲ ಕಸಿಗೆ ಶತ್ರು, ಗೂಟಿಗೆ ಮಿತ್ರ. ಪಾಚಿಯೂ ಮರದ ತುಂಬ ಪುಕ್ಕಟೆ ಸಿಗುತ್ತದೆ. ತಾಯಿಬೇರು ಇರುವುದಿಲ್ಲವಾದ್ದರಿಂದ ಗಾಳಿ ಬೀಸುವ ಏರಿನಲ್ಲಿ ಮಾತ್ರ ನೆಡಬೇಡಿ.

## ಒಂದೊಂದು ಹಣ್ಣಿನ ವಿಷಯ

ನಮ್ಮ ತಾತನ ಕಾಲದ ಕಿತ್ತಳೆ ಎಲ್ಲಾ ಬೀಜದ ಗಿಡ. ಈಗ ಕಸಿ ಗಿಡ ಹಾಕಿ ಅಂತಾರೆ. ಯಾವುದು ಒಳ್ಳೇದು?

ಕೊಡಗಿನ ಕಿತ್ತಳೆಯ ಬೀಜದ್ದು ವಿಶೇಷ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ಪರಾಗದಿಂದ ಅಲ್ಲ. ಹಾಗಾಗಿ ಬೀಜದ ಗಿಡವೂ ತಾಯಿಯ ಗುಣವನ್ನೇ ಇಟ್ಟುಕೊಂಡಿತು. ತಾತನವರು ಬೀಜ ಹಾಕಿ ಅದೇ ಹಣ್ಣು ತಿಂದದ್ದು ಇದರಿಂದ. ಇನ್ನೊಂದು ಲಾಭವೂ ಇತ್ತು: ಹಸಿರು ಎಲೆ ರೋಗ, ಅಂದರೆ ಗ್ರೀನಿಂಗ್, ಬೀಜದಿಂದ ಸಸಿಗೆ ಸಾಮಾನ್ಯವಾಗಿ ದಾಟುವುದಿಲ್ಲ. ಕಣ್ಣಿನಿಂದ, ಅಂದರೆ ಕಸಿಗೆ ತೆಗೆಯುವ ಮೊಗ್ಗಿನಿಂದ, ದಾಟುತ್ತದೆ.

ಬೀಜದ ಗಿಡದ ಕಷ್ಟ ಏನೆಂದರೆ ಎತ್ತರ, ಮುಳ್ಳು, ಆರೆಂಟು ವರ್ಷದ ಕಾಯುವಿಕೆ, ಮತ್ತು ಬೇರು ಕೊಳೆಗೆ ಸೋಲುವ ಬೇರು. ಕಣ್ಣು ಕಸಿಯ ಗಿಡ ನಾಲ್ಕು ವರ್ಷಕ್ಕೆ ಕಾಯಿ ಬಿಡುತ್ತದೆ. ಬೇರುಸಸಿಗೆ ನಮ್ಮ ಕಡೆ ರಂಗಪುರ ನಿಂಬೆಯನ್ನು ಹೆಚ್ಚು ಬಳಸುತ್ತಾರೆ.

ವಿಧಾನ ಕಷ್ಟದ್ದಲ್ಲ. ಬೇರುಸಸಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಇಂಗ್ಲಿಷಿನ ಟಿ ಅಕ್ಷರದ ಹಾಗೆ ತೊಗಟೆ ಗೀರಿ, ಒಳಗೆ ಒಂದಿಂಚಿನ ಕಣ್ಣನ್ನು ಜಾರಿಸಿ ಕಟ್ಟುವುದು. ಕಣ್ಣು ತೆಗೆಯುವ ರೆಂಬೆ ಉರುಟಾಗಿರಬೇಕು, ಮೂಲೆ ಮೂಲೆ ಇರುವ ತೀರ ಎಳೆಯದ್ದು ಆಗುವುದಿಲ್ಲ. ಮೂರು ವಾರಕ್ಕೆ ಬಿಚ್ಚಿದಾಗ ಕಣ್ಣು ಹಸಿರಾಗಿದ್ದರೆ ಹಿಡಿದಿದೆ. ಆಮೇಲೆ ಕಣ್ಣಿಗಿಂತ ಮೇಲಿರುವ ಬೇರುಸಸಿಯನ್ನು ಬಗ್ಗಿಸಿ, ಚಿಗುರು ಬಂದ ಮೇಲೆ ಕತ್ತರಿಸಿ.

ಕಷ್ಟ ಇರುವುದು ಕಣ್ಣಿನ ಆಯ್ಕೆಯಲ್ಲಿ. ಗ್ರೀನಿಂಗ್ ಹಿಡಿದ ಮರದ ಒಂದು ಕೊಂಬೆ ನೋಡಲು ಚೆನ್ನಾಗಿಯೇ ಇರಬಹುದು. ಎಲೆಯ ಮೇಲೆ ಹಳದಿ ಮಚ್ಚೆ ನಡುನರದ ಎರಡು ಕಡೆ ಬೇರೆ ಬೇರೆ ತರ ಇದೆಯಾ ನೋಡಿ. ಸತುವಿನ ಕೊರತೆಯಾದರೆ ಎರಡೂ ಕಡೆ ಒಂದೇ ತರ ಇರುತ್ತದೆ. ಕಾಯಿ ಓರೆಯಾಗಿ, ತಳದಲ್ಲಿ ಹಸಿರಾಗೇ ಉಳಿದರೆ ಆ ಮರದ ಹತ್ತಿರವೂ ಬ್ಲೇಡ್ ಒಯ್ಯಬೇಡಿ. ನನ್ನ ಅಭಿಪ್ರಾಯ ಕೇಳಿದರೆ, ಕಿತ್ತಳೆಯೊಂದನ್ನು ಮನೆಯಲ್ಲಿ ಕಟ್ಟದೆ ಪರೀಕ್ಷೆ ಮಾಡಿದ ತಾಯಿಮರದ ಗಿಡ ತಂದು ಹಾಕಿ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಬಟರ್ ಫ್ರೂಟ್ ತುಂಬ ಹೂ ಬಿಡುತ್ತೆ, ಕಾಯಿ ಕಚ್ಚಲ್ಲ. ಕಸಿ ತಪ್ಪಾಯ್ತಾ?

ಕಸಿಯದ್ದಲ್ಲ, ಹೂವಿನ ಗಡಿಯಾರದ್ದು. ಇದರ ಹೂ ಎರಡು ಸಲ ಅರಳುತ್ತದೆ, ಮೊದಲು ಹೆಣ್ಣಾಗಿ, ಮಾರನೇ ದಿನ ಗಂಡಾಗಿ. ಎ ಗುಂಪಿನ ಮರದಲ್ಲಿ ಹೂ ಬೆಳಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. ಬಿ ಗುಂಪಿನಲ್ಲಿ ಮಧ್ಯಾಹ್ನ ಹೆಣ್ಣು, ಮರುದಿನ ಬೆಳಗ್ಗೆ ಗಂಡು. ಹಾಸ್ ಎ ಗುಂಪು, ಫುಯರ್ಟೆ ಬಿ ಗುಂಪು. ಎರಡೂ ಹತ್ತಿರ ಇದ್ದರೆ ಜೇನು ಕೆಲಸ ಮಾಡುತ್ತದೆ. ಜಾಗ ಇಲ್ಲದವರು ಇರುವ ಮರದ ಒಂದು ಕೊಂಬೆಗೆ ಇನ್ನೊಂದು ಗುಂಪಿನ ಕಡ್ಡಿ ಕಟ್ಟಬಹುದು. ಯಾವ ಗುಂಪು ಅಂತ ತಿಳಿಯಲು ಬಿಸಿಲಿನ ದಿನ ಬೆಳಗ್ಗೆ ಹೂ ನೋಡಿ: ಮಧ್ಯದ ಕೋಲು ನೆಟ್ಟಗೆ ಕಂಡು ಕೇಸರಗಳು ಹೊರಕ್ಕೆ ಬಾಗಿದ್ದರೆ ಹೆಣ್ಣು ಹಂತ.

ಮನೆ ಹತ್ತಿರ ಹಲಸು ಹಾಕಿದ್ರೆ ಆನೆ ಬರುತ್ತೆ. ಕುಳ್ಳ ಕಸಿ ಹಲಸು ಹಾಕಿದ್ರೆ ಬರಲ್ವಾ?

ಆನೆಗೆ ಮರದ ಎತ್ತರ ಮುಖ್ಯವಲ್ಲ, ವಾಸನೆ ಮುಖ್ಯ. ಕುಳ್ಳ ಮರವಾದರೆ ಅದಕ್ಕೇ ಅನುಕೂಲ. ಕಸಿ ಹಲಸಿನ ಲಾಭ ನಿಮಗೆ ಇನ್ನೊಂದು ಕಡೆ ಇದೆ, ಕಾಯಿ ಕೈಗೆ ಎಟುಕುತ್ತದೆ. ಎಳೆಯದಿರುವಾಗಲೇ ಪಲ್ಯಕ್ಕೆ ಕುಯ್ದು, ಬಲಿತ ಕೂಡಲೇ ಇಳಿಸಿಬಿಡಬಹುದು. ಹಣ್ಣಾಗಲು ಮರದಲ್ಲಿ ಬಿಡಬೇಡಿ. ಆನೆ ದಾರಿಯಲ್ಲಿ ಮನೆ ಇದ್ದರೆ ಹಲಸು ಬೇಡವೇ ಬೇಡ, ಒಂದು ಹಣ್ಣಿಗಾಗಿ ಬೇಲಿ, ಬಾಳೆ, ಕಾಫಿ ಗಿಡ ಎಲ್ಲ ಹೋಗುತ್ತದೆ. ಆನೆ ಕಾಟ ಇಲ್ಲದವರು ತುಮಕೂರು ಜಿಲ್ಲೆ ಚೇಳೂರಿನ ಸಿದ್ದು ಹಲಸಿನಂಥ ಕೆಂಪು ತೊಳೆಯ ಸಣ್ಣ ಹಣ್ಣಿನ ತಳಿ ಹಾಕಬಹುದು.

ಕಟ್ಟುವಾಗ ಬೇರುಸಸಿಯನ್ನು ಕತ್ತರಿಸಿ, ಹಾಲು ಸೋರಿ ನಿಲ್ಲುವವರೆಗೆ ಕಾದು, ಒದ್ದೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಸೀಳಿ.

ಮಡಿಕೇರಿಯಲ್ಲಿ ಕಸಿ ಮಾವು ಹಾಕಿ ಏಳು ವರ್ಷ ಆಯ್ತು. ಹೂ ಬರುತ್ತೆ, ಉದುರುತ್ತೆ.

ಮಂಜು, ಇಬ್ಬನಿ, ಹೂವಿನ ಹೊತ್ತಿನ ಮಳೆ. ಬೂದಿ ರೋಗ ಹೂಗೊಂಚಲನ್ನೇ ತಿನ್ನುತ್ತದೆ. ಒಳ್ಳೆಯ ಕಸಿ ಕೂಡ ಹವಾಮಾನವನ್ನು ಬದಲಾಯಿಸಲಾರದು. ಬಾದಾಮಿ, ಮಲ್ಲಿಕಾ ಆಸೆ ಇದ್ದವರು ಕುಶಾಲನಗರದ ಕಡೆ ಜಾಗ ಇದ್ದರೆ ಅಲ್ಲಿ ಹಾಕಲಿ. ಮೇಲಿನವರು ಊರಿನಲ್ಲೇ ಚೆನ್ನಾಗಿ ಬಿಡುವ ಕಾಡು ಮಾವಿನ ಮರ ಹುಡುಕಿ, ಅದರ ಕಡ್ಡಿ ಕಟ್ಟಿಕೊಳ್ಳಿ. ಕಾಟ್ ಮಾಂಗೆ (ಕಾಡು ಮಾವು) ಕರಿಗೆ ಬಾದಾಮಿ ಹೇಗೂ ಆಗುವುದಿಲ್ಲವಲ್ಲ.

ರಂಬುಟಾನ್, ಮ್ಯಾಂಗೋಸ್ಟೀನ್ ಬೀಜ ಹಾಕಲಾ, ಕಸಿ ತರಲಾ?

ರಂಬುಟಾನ್ ಆದರೆ ಕಸಿಯೇ ತನ್ನಿ. ಬೀಜದ ಗಿಡ ಗಂಡಾಗಿಬಿಟ್ಟರೆ ಜನ್ಮವಿಡೀ ಹೂ ಮಾತ್ರ. ಚೆಟ್ಟಳ್ಳಿಯಿಂದಲೇ ಬಿಡುಗಡೆಯಾದ ಅರ್ಕ ಕೂರ್ಗ್ ಅರುಣ್ ಕೆಂಪು ಹಣ್ಣಿನದು, ಅರ್ಕ ಕೂರ್ಗ್ ಪೀತಾಭ್ ಹಳದಿಯದು. ಮ್ಯಾಂಗೋಸ್ಟೀನ್ ಬೀಜ ಪರಾಗವಿಲ್ಲದೆ ಆಗುವುದು, ಆದ್ದರಿಂದ ಬೀಜದ ಗಿಡವೂ ತಾಯಿಯಂತೆಯೇ. ತಾಳ್ಮೆ ಇದ್ದವರಿಗೆ ಬೀಜದ ಗಿಡ ಸಾಕು.

## ಕೈ ಪಳಗಿದವರಿಗೆ

ಹತ್ತು ವರ್ಷದ ಬಟರ್ ಫ್ರೂಟ್ ಮರ, ಹಣ್ಣು ಬರೀ ನೀರು. ಕಡಿಯದೆ ತಳಿ ಬದಲಾಯಿಸಬಹುದಾ?

ಬದಲಾಯಿಸಬಹುದು. ಬೇರು ಚೆನ್ನಾಗಿ ಊರಿದ ಮರ ಅದು, ಕಡಿಯುವುದು ದಂಡ. ಜನವರಿ ಕೊನೆಯಲ್ಲಿ ಮುಖ್ಯ ಕಾಂಡವನ್ನು ಸೊಂಟದಿಂದ ಎದೆಯ ಎತ್ತರಕ್ಕೆ ಗರಗಸದಿಂದ ಕತ್ತರಿಸಿ. ಒಂದು ಕೊಂಬೆ ಮಾತ್ರ ಎಲೆ ಸಮೇತ ಉಳಿಸಿ, ಹೊಸ ಕಸಿ ಬೆಳೆಯುವವರೆಗೆ ಬೇರನ್ನು ಅದು ಸಾಕುತ್ತದೆ. ಕತ್ತರಿಸಿದ ಮುಖ ಓರೆಯಾಗಿರಲಿ, ನೀರು ನಿಲ್ಲಬಾರದು. ಅದಕ್ಕೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಟ್ಟು ಒಂದು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬೇಡ. ಕಾಫಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಂಡಕ್ಕೆ ಸುಣ್ಣ ಬಳಿಯಿರಿ, ಇಲ್ಲದಿದ್ದರೆ ಒಮ್ಮೆಲೇ ಬಿಸಿಲು ಬಿದ್ದು ತೊಗಟೆ ಸುಡುತ್ತದೆ.

ಹೂ ಮಳೆಯ ಹೊತ್ತಿಗೆ ಚಿಗುರು ಗೊಂಚಲಾಗಿ ಬರುತ್ತದೆ. ಸುತ್ತಲೂ ಹಂಚಿದ ಹಾಗೆ ನಾಲ್ಕೈದು ಬಲವಾದದ್ದು ಉಳಿಸಿ ಉಳಿದದ್ದು ಮುರಿಯಿರಿ. ಅವು ಪೆನ್ಸಿಲ್ ದಪ್ಪವಾದಾಗ ಬೆಣೆ ಕಸಿ. ಮೇ ತಿಂಗಳಿಗೆ ಆದರೆ ಸರಿ, ತಡವಾದರೆ ಅಕ್ಟೋಬರಿಗೆ ಬಿಡಿ. ಕಸಿ ಎರಡಡಿ ಬೆಳೆದ ಮೇಲೆ ಬಿದಿರು ಕಟ್ಟಿ ಆಸರೆ ಕೊಡಿ. ಜೂನ್ ಗಾಳಿಗೆ ಗಂಟಿನಲ್ಲಿ ಮುರಿಯುವುದು ಸಾಮಾನ್ಯ. ಉಳಿಸಿದ ಹಳೇ ಕೊಂಬೆಯನ್ನು ಮಾರನೇ ವರ್ಷ ತೆಗೆಯಿರಿ.

ಐನ್‌ಮನೆ (ಕುಟುಂಬದ ಮೂಲ ಮನೆ) ಹಿಂದಿನ ಚಕ್ಕೋತ ಒಣಗ್ತಾ ಇದೆ. ಅಂಥ ಹಣ್ಣು ಎಲ್ಲೂ ಇಲ್ಲ. ಬೀಜ ಹಾಕಿದ್ರೆ ಸಾಕಾ?

ಸಾಲುವುದಿಲ್ಲ. ಚಕ್ಕೋತ ಕಿತ್ತಳೆಯ ಹಾಗಲ್ಲ, ಅದರ ಬೀಜದಲ್ಲಿ ಒಂದೇ ಮೊಳಕೆ, ಅದು ಪರಾಗದಿಂದ ಆದದ್ದು. ಹಣ್ಣು ಬೇರೆಯೇ ಬರುತ್ತದೆ. ಕಣ್ಣು ಕಸಿಯೇ ದಾರಿ. ಮರ ಪೂರ್ತಿ ಸೊರಗುವವರೆಗೆ ಕಾಯಬೇಡಿ. ಜೀವ ಇರುವ ಒಂದು ಸಣ್ಣ ಕೊಂಬೆಯನ್ನು ಬೇಸಿಗೆಯಲ್ಲಿ ಕಪಾತು ಮಾಡಿ ನೀರು, ಗೊಬ್ಬರ ಕೊಡಿ. ಹೊಸ ಚಿಗುರು ಬಲಿತ ಮೇಲೆ ಕಣ್ಣು ತೆಗೆದು ಐದಾರು ಬೇರುಸಸಿಗೆ ಕಟ್ಟಿ. ಒಂದಕ್ಕೇ ಕಟ್ಟಿ ಕೂರಬೇಡಿ. ಮರ ಒಣಗುತ್ತಿರುವ ಕಾರಣ ರೋಗ ಇರಬಹುದು, ಆದ್ದರಿಂದ ಈ ಗಿಡಗಳನ್ನು ಕಿತ್ತಳೆ ತೋಟದಿಂದ ದೂರ ಇಟ್ಟು ಎರಡು ವರ್ಷ ಎಲೆ ನೋಡಿ.

ಕಾಚಂಪುಳಿ (ಅಡುಗೆಯ ಹುಳಿಗೆ ಬಳಸುವ ಹಣ್ಣು) ಕಸಿ ಕಟ್ಟಿದೆ. ಗಿಡ ಮೇಲೆ ಹೋಗದೆ ಬಳ್ಳಿ ತರ ಪಕ್ಕಕ್ಕೆ ಹರಡ್ತಾ ಇದೆ!

ಪಕ್ಕದ ಕೊಂಬೆಯ ಕಡ್ಡಿ ಕಟ್ಟಿದ್ದೀರಿ. ಈ ಜಾತಿಯ ಮರದಲ್ಲಿ ನೇರ ಏಳುವ ಚಿಗುರು ಬೇರೆ, ಅಡ್ಡಕ್ಕೆ ಹೋಗುವ ಕೊಂಬೆ ಬೇರೆ. ಕಡ್ಡಿ ಎಲ್ಲಿಯದೋ ಅದರ ಅಭ್ಯಾಸವನ್ನು ಬಿಡುವುದಿಲ್ಲ. ಜಾಯಿಕಾಯಿಯೂ ಹೀಗೇ. ಪೊದೆಯಂತೆ ಕುಳ್ಳಗೆ ಇದ್ದರೂ ಕಾಯಿ ಬಿಡುತ್ತದೆ, ಬೇಗವೂ ಬಿಡುತ್ತದೆ, ಜಾಗ ಜಾಸ್ತಿ ಬೇಕು ಅಷ್ಟೇ. ನೆಟ್ಟಗೆ ಮರ ಬೇಕಿದ್ದರೆ ನೇರ ಚಿಗುರಿನ ತುದಿಯನ್ನೇ ಹುಡುಕಿ. ಅದು ಒಂದು ಮರದಲ್ಲಿ ಕೆಲವೇ ಸಿಗುವುದು. ಗಂಡು ಮರ, ಹೆಣ್ಣು ಮರ ಬೇರೆ ಇರುವುದರಿಂದ ಕಾಯಿ ಬಿಡುವ ಮರದಿಂದಲೇ ಕಡ್ಡಿ ತೆಗೆಯಿರಿ. ಬೀಜದ ಗಿಡಕ್ಕೆ ಗೊಬ್ಬರ ಹಾಕಿ ಹಾಕಿ ಕೊನೆಗೆ ಗಂಡು ಅಂತ ಗೊತ್ತಾದರೆ ಪಂದಿ ಕರಿಗೆ ಹುಳಿ ಅಂಗಡಿಯಿಂದಲೇ ತರಬೇಕಾಗುತ್ತದೆ.

ಕಸಿ ಚೆನ್ನಾಗಿ ಹಿಡೀತಾ ಇದೆ. ಮಾಡಿ ಮಾರಬಹುದಾ?

ಊರ ಹಲಸು, ಕಾಡು ಮಾವು, ನಿಮ್ಮದೇ ಮರದ ಬಟರ್ ಫ್ರೂಟ್ ಆದರೆ ನೆಂಟರಿಷ್ಟರಿಗೆ ಕೊಡಲು ಅಡ್ಡಿಯಿಲ್ಲ. ನೋಂದಣಿಯಾದ ತಳಿಗಳಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ಇನ್ನೊಬ್ಬರ ತಳಿಯ ಹೆಸರಿನ ಚೀಟಿ ಅಂಟಿಸಿ ಮಾರುವ ಮೊದಲು ಒಪ್ಪಿಗೆ ಬೇಕಾ ಅಂತ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಪ್ರತಿ ಬ್ಯಾಗಿನ ಮೇಲೆ ತಾಯಿಮರ ಯಾವುದು, ಕಟ್ಟಿದ ತಿಂಗಳು ಯಾವುದು ಅಂತ ಮಾರ್ಕರ್‌ನಲ್ಲಿ ಬರೆಯಿರಿ. ಮಾರ್ಕರ್ ಮಳೆಗೆ ಅಳಿಸುತ್ತದೆ, ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀರಿ ಕಟ್ಟಿದರೆ ಇನ್ನೂ ಒಳ್ಳೆಯದು.